ಬ್ರಿಟನ್‌ಗೆ ಹೊಸದಾಗಿ ಬಂದವರಿಗೆ: ಟಿವಿಯಲ್ಲಿ ಏನು ನೋಡಬೇಕು?

ಬ್ಯಾಂಕ್ ಖಾತೆ, ಜಿಪಿ ನೋಂದಣಿ, ಕೌನ್ಸಿಲ್ ಟ್ಯಾಕ್ಸ್, ಶಾಲೆಯ ಅರ್ಜಿ ಇವೆಲ್ಲ ನಮ್ಮ ಕನ್ನಡ ಸಂಘದ ಈ ಮಾರ್ಗದರ್ಶಿಯ ಬೇರೆ ಭಾಗಗಳಲ್ಲಿವೆ. ಈ ಭಾಗ ಟಿವಿಯದು. ಸಂಘದವರಿಗೆ ಟಿವಿ ಉಸಾಬರಿ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಸೋಮವಾರ ಬೆಳಿಗ್ಗೆ ಆಫೀಸಿನ ಅಡುಗೆಮನೆಯಲ್ಲಿ ಟೀ ಮಾಡಿಕೊಳ್ಳುವಾಗ ಎಲ್ಲರೂ ಯಾವುದೋ ಕೋಟೆಯಲ್ಲಿ ಯಾರು ಯಾರಿಗೆ ಮೋಸ ಮಾಡಿದರು ಅಂತ ಮಾತಾಡುತ್ತಿರುತ್ತಾರೆ, ನೀವು ಕಪ್ ಹಿಡಿದುಕೊಂಡು ಸುಮ್ನೆ ನಗುತ್ತಾ ನಿಂತಿರುತ್ತೀರಿ. ನಮ್ಮಲ್ಲಿ ಬಹಳ ಜನ ಮೊದಲ ವರ್ಷ ಪೂರ್ತಿ ಹೀಗೇ ಕಳೆದಿದ್ದಾರೆ.

ಕನ್ನಡ ಸೀರಿಯಲ್, ಬಿಗ್ ಬಾಸ್, ಐಪಿಎಲ್ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಅದರ ಜತೆಗೆ ವಾರಕ್ಕೆ ಒಂದೆರಡು ಗಂಟೆ ಇಲ್ಲಿನವರು ನೋಡುವುದನ್ನೂ ನೋಡಿ ಅಂತಷ್ಟೇ. ವಿಮರ್ಶಕರು ಮೆಚ್ಚಿದ್ದೆಲ್ಲ ಇಲ್ಲಿ ಸಿಗುವುದಿಲ್ಲ. ಹೊಸದಾಗಿ ಬಂದ ಮನೆಗೆ ಯಾವುದರಿಂದ ಉಪಯೋಗವಾಗುತ್ತದೋ ಅವನ್ನೇ ಆರಿಸಿದ್ದೇವೆ.

ಸಬ್‌ಟೈಟಲ್ ಮಾತ್ರ ಹಾಕಿಕೊಳ್ಳಿ. ನಾಚಿಕೆ ಬೇಡ. ಜೀವಮಾನವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೂ ಗ್ಲಾಸ್ಗೋ ಮಾತು ಮೊದಲ ದಿನ ಅರ್ಥ ಆಗುವುದಿಲ್ಲ. ಲಂಡನ್‌ನವರಿಗೇ ಆಗುವುದಿಲ್ಲ.

ಆಫೀಸಿನ ಮಾತಿಗೆ

ಒಂದೇ ಒಂದು ಕಾರ್ಯಕ್ರಮ ನೋಡಲು ಟೈಮ್ ಇದ್ದರೆ ಬಿಬಿಸಿಯ 'ದಿ ಟ್ರೇಟರ್ಸ್' ನೋಡಿ. 2022ರಲ್ಲಿ ಶುರುವಾಯಿತು, ಈಗ ಜನವರಿ ಬಂತೆಂದರೆ ದೇಶವೇ ಅದರ ಹಿಂದೆ ಬೀಳುತ್ತದೆ. ಸ್ಕಾಟ್ಲೆಂಡಿನ ಒಂದು ಕೋಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸೇರುತ್ತಾರೆ. ಅವರಲ್ಲಿ ಮೂರ್ನಾಲ್ಕು ಜನ ಗುಟ್ಟಾಗಿ ದ್ರೋಹಿಗಳು. ದ್ರೋಹಿಗಳು ರಾತ್ರಿ ಒಬ್ಬರನ್ನು 'ಕೊಲ್ಲುತ್ತಾರೆ', ಸಂಜೆ ದುಂಡು ಮೇಜಿನ ಸುತ್ತ ಕೂತು ಎಲ್ಲರೂ ಸೇರಿ ಅನುಮಾನ ಬಂದವರನ್ನು ಹೊರಗೆ ಹಾಕುತ್ತಾರೆ. ಬಹುಮಾನ 1,20,000 ಪೌಂಡ್‌ವರೆಗೆ. ಆಟಕ್ಕಿಂತ ಮಜಾ ಅಲ್ಲಿನ ಮಾತು. ಇಲ್ಲಿಯವರು ಒಬ್ಬರ ಮೇಲೆ ಇನ್ನೊಬ್ಬರು ಆರೋಪ ಹೊರಿಸುವಾಗಲೂ 'ಸಾರಿ, ನಂಗೆ ನೀನು ಅಂದ್ರೆ ತುಂಬಾ ಇಷ್ಟ, ಆದ್ರೆ...' ಅಂತಲೇ ಶುರು ಮಾಡುತ್ತಾರೆ. ಈ ಪೀಠಿಕೆ ಕಿವಿಗೆ ಪರಿಚಯವಾದರೆ ನಿಮ್ಮ ಮ್ಯಾನೇಜರ್ ಮೀಟಿಂಗ್‌ನಲ್ಲಿ ಏನು ಹೇಳುತ್ತಿದ್ದಾರೆ ಅನ್ನುವುದೂ ಸ್ವಲ್ಪ ಹೊಳೆಯುತ್ತದೆ.

ಶರತ್ಕಾಲದಲ್ಲಿ 'ಬೇಕ್ ಆಫ್' ಮತ್ತು 'ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್' ಎರಡೂ ಬರುತ್ತವೆ. ಬೇಕ್ ಆಫ್ 2010ರಲ್ಲಿ ಬಿಬಿಸಿಯಲ್ಲಿ ಹುಟ್ಟಿ 2017ರಿಂದ ಚಾನೆಲ್ 4ರಲ್ಲಿದೆ. ಟೆಂಟಿನೊಳಗೆ ಸಾಮಾನ್ಯ ಜನ ಕೇಕು, ಬ್ರೆಡ್ಡು ಸುಡುತ್ತಾರೆ, ಅಷ್ಟೇ. ಯಾರೂ ಕಿರುಚುವುದಿಲ್ಲ, ಒಬ್ಬರ ಕೇಕ್ ಕುಸಿದರೆ ಪಕ್ಕದವರು ಓಡಿ ಬಂದು ಹಿಡಿಯುತ್ತಾರೆ. ಭಾರತದಲ್ಲಿ ಹುಟ್ಟಿ ಬೆಳೆದು, ಓದಲು ಇಲ್ಲಿಗೆ ಬಂದು, ಆಮೇಲೆ ಬೇಕಿಂಗ್ ಕಲಿತ ಬಂಗಾಳದ ರಾಹುಲ್ ಮಂಡಲ್ 2018ರಲ್ಲಿ ಗೆದ್ದರು. ಆ ಸೀಸನ್ ಖಂಡಿತ ನೋಡಿ. ಮೊಟ್ಟೆ ತಿನ್ನದ ಮನೆಯವರೂ ನೋಡಬಹುದು, ಬ್ರೆಡ್ ವಾರ ಇದ್ದೇ ಇದೆ.

ಸ್ಟ್ರಿಕ್ಟ್ಲಿ ಅಂದರೆ ಹೆಸರಾಂತರ ಡಾನ್ಸ್ ಸ್ಪರ್ಧೆ, ನನಗೆ ಅಷ್ಟಕ್ಕಷ್ಟೇ. ಆದರೆ ನಿಮ್ಮ ಟೀಮಿನಲ್ಲಿ ಅದರ ಅಭಿಮಾನಿಗಳು ಇದ್ದೇ ಇರುತ್ತಾರೆ, ಆ ವಾರ ಯಾರು ಹೊರಗೆ ಹೋದರು ಅಂತ ತಿಳಿದಿದ್ದರೆ ಸಾಕು.

ನಗು ಬೇಕೆನ್ನುವವರಿಗೆ 'ಟಾಸ್ಕ್‌ಮಾಸ್ಟರ್' ಮತ್ತು 'ವುಡ್ ಐ ಲೈ ಟು ಯು'. ಇಲ್ಲಿಯವರ ಹಾಸ್ಯ ಮುಖದಲ್ಲಿ ಗೊತ್ತಾಗುವುದಿಲ್ಲ, ಗಂಭೀರವಾಗಿಯೇ ಹೇಳಿಬಿಡುತ್ತಾರೆ, ನಗಬೇಕಾ ಬೇಡವಾ ಅಂತ ನಮಗೆ ಗಲಿಬಿಲಿ. ಇವೆರಡನ್ನು ಒಂದಷ್ಟು ದಿನ ನೋಡಿದರೆ ಆ ಗಲಿಬಿಲಿ ಕಡಿಮೆ ಆಗುತ್ತದೆ. ಈಸ್ಟ್‌ಎಂಡರ್ಸ್, ಕೊರೊನೇಷನ್ ಸ್ಟ್ರೀಟ್ ಧಾರಾವಾಹಿಗಳ ಬಗ್ಗೆ ಕೆಲವರು ಕೇಳುತ್ತಾರೆ. ಎರಡನೆಯದು 1960ರಿಂದ ನಡೆಯುತ್ತಿದೆ. ಈಗ ಹತ್ತಿಕೊಳ್ಳುವ ಬಸ್ ಅಲ್ಲ, ಬಿಡಿ.

ಮಕ್ಕಳಿದ್ದರೆ

ಬಿಬಿಸಿಗೆ ಎರಡು ಮಕ್ಕಳ ಚಾನೆಲ್ ಇವೆ: ಆರು ವರ್ಷದೊಳಗಿನವರಿಗೆ ಸಿಬೀಬೀಸ್, ಅದಕ್ಕಿಂತ ದೊಡ್ಡವರಿಗೆ ಸಿಬಿಬಿಸಿ. ಎರಡರಲ್ಲೂ ಜಾಹೀರಾತು ಇಲ್ಲ, ಅದೇ ದೊಡ್ಡ ನೆಮ್ಮದಿ.

ರಿಸೆಪ್ಷನ್ (ಇಲ್ಲಿನ ಶಾಲೆಯ ಮೊದಲ ತರಗತಿ) ಅಥವಾ ಅದರ ಮುಂದಿನ ಇಯರ್ ಒನ್‌ಗೆ ಸೇರುವ ಮಗುವಿದ್ದರೆ 'ಆಲ್ಫಾಬ್ಲಾಕ್ಸ್' ಹಾಕಿ. ನೀವೂ ಪಕ್ಕದಲ್ಲಿ ಕೂತು ನೋಡಿ. ನಾವು ಊರಲ್ಲಿ ಅಕ್ಷರದ ಹೆಸರು ಹೇಳಿಕೊಟ್ಟಿರುತ್ತೇವೆ: ಸಿ, ಎ, ಟಿ. ಇಲ್ಲಿನ ಶಾಲೆಯಲ್ಲಿ ಹೇಳಿಕೊಡುವುದು ಅಕ್ಷರದ ಸದ್ದು: ಕ್, ಆ್ಯ, ಟ್. ಇದಕ್ಕೆ ಫೋನಿಕ್ಸ್ ಅನ್ನುತ್ತಾರೆ. ಈ ಕಾರ್ಯಕ್ರಮದಲ್ಲಿ ಅಕ್ಷರಗಳು ಒಂದೊಂದು ಬೊಂಬೆ. ಅವು ತಮ್ಮ ತಮ್ಮ ಸದ್ದು ಹೇಳುತ್ತಾ ಕೈ ಕೈ ಹಿಡಿದುಕೊಂಡ ತಕ್ಷಣ ಪದ ಆಗುತ್ತದೆ, ಪರದೆ ಮೇಲೆ ನಿಜವಾಗಿಯೂ ಒಂದು ಬೆಕ್ಕು ಬಂದು ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ ಇಯರ್ ಒನ್ ಮಕ್ಕಳಿಗೆ ಜೂನ್‌ನಲ್ಲಿ ಫೋನಿಕ್ಸ್ ಪರೀಕ್ಷೆ ಇರುತ್ತದೆ. ಟ್ಯೂಷನ್ ಹುಡುಕುವ ಮೊದಲು ಇದನ್ನು ನೋಡಿ, ದುಡ್ಡು ಉಳಿಯುತ್ತದೆ. ಲೆಕ್ಕಕ್ಕೆ ಇದರ ತಂಗಿ 'ನಂಬರ್‌ಬ್ಲಾಕ್ಸ್' ಇದೆ.

ಸಂಜೆ 6.50ಕ್ಕೆ ಸಿಬೀಬೀಸ್‌ನಲ್ಲಿ ಮಲಗುವ ಹೊತ್ತಿನ ಕಥೆ ಬರುತ್ತದೆ. ಯಾರಾದರೂ ಹೆಸರಾಂತ ನಟನಟಿಯರು ಬಂದು ಓದುತ್ತಾರೆ. ಏಳಕ್ಕೆ ಚಾನೆಲ್ಲೇ ಬಂದ್. ಏಳಕ್ಕೆ ಮಕ್ಕಳು ಮಲಗುವುದಾ ಅಂತ ನಾವು ಬಾಯಿ ಬಿಡುತ್ತೇವೆ, ಇಲ್ಲಿನ ಎಷ್ಟೋ ಮನೆಗಳಲ್ಲಿ ಹೌದು, ಅದೇ ಟೈಮು. ಇದು ಗೊತ್ತಿದ್ದರೆ ಮಗಳ ಸ್ನೇಹಿತೆಯ ಮನೆಗೆ ರಾತ್ರಿ ಎಂಟಕ್ಕೆ ಫೋನ್ ಮಾಡುವುದು ತಪ್ಪುತ್ತದೆ.

ದೊಡ್ಡ ಮಕ್ಕಳಿಗೆ 'ಹಾರಿಬಲ್ ಹಿಸ್ಟರೀಸ್'. ಟ್ಯೂಡರ್‌ಗಳು, ವೈಕಿಂಗ್‌ಗಳು ಶಾಲೆಯಲ್ಲಿ ಬಂದೇ ಬರುತ್ತಾರೆ, ನಮ್ಮ ಮಕ್ಕಳಿಗೆ ಆ ಹೆಸರೇ ಹೊಸದು. ಇದನ್ನು ನೋಡಿದವರು ಆರು ಜನ ಹೆಂಡಿರ ಎಂಟನೇ ಹೆನ್ರಿಯನ್ನು ಮರೆಯುವುದಿಲ್ಲ. 'ಬ್ಲೂ ಪೀಟರ್' 1958ರಿಂದ ಬರುತ್ತಿದೆ. ಅದರಲ್ಲಿ ಒಂದು ಲಾಭ ಇದೆ, ಹೊಸಬರಿಗೆ ಯಾರೂ ಹೇಳುವುದಿಲ್ಲ: ಮಕ್ಕಳು ಪತ್ರ, ಚಿತ್ರ, ಕವನ ಏನಾದರೂ ಕಳಿಸಿದರೆ, ಅವರಿಗೆ ಮೆಚ್ಚಿಗೆಯಾದರೆ ಬ್ಯಾಡ್ಜ್ ಕಳಿಸುತ್ತಾರೆ. ಆ ಬ್ಯಾಡ್ಜ್ ಮತ್ತು ಅದರ ಕಾರ್ಡ್ ಇದ್ದರೆ 5ರಿಂದ 15 ವರ್ಷದ ಮಕ್ಕಳಿಗೆ ದೇಶದ ಎಷ್ಟೋ ಮ್ಯೂಸಿಯಂ, ಕೋಟೆ, ಮೃಗಾಲಯಗಳಿಗೆ ಪುಕ್ಕಟೆ ಪ್ರವೇಶ. ರಜೆ ಶುರುವಾಗುವ ಮೊದಲೇ ಕಳಿಸಿ.

ಇನ್ನೊಂದು ನಿಯಮ ತಿಳಿದಿರಲಿ. ಟಿವಿ ಚಾನೆಲ್‌ಗಳಲ್ಲಿ ರಾತ್ರಿ 9ರ ಮೊದಲು ಮಕ್ಕಳಿಗೆ ಹೊಂದದ್ದನ್ನು ತೋರಿಸುವಂತಿಲ್ಲ. 9 ಆದ ಮೇಲೆ ಬೈಗುಳ, ರಕ್ತ, ಬೆತ್ತಲೆ ಎಲ್ಲ ಬರಬಹುದು. ಆಪ್‌ಗಳಲ್ಲಿ ಈ ಗಡಿಯಾರ ಇಲ್ಲ, ಅದಕ್ಕೇ ಪಿನ್ ಹಾಕಿಡಿ.

ಮನೆ, ದುಡ್ಡು

ಐಟಿವಿಯಲ್ಲಿ ಮಾರ್ಟಿನ್ ಲೂಯಿಸ್ ಅವರ 'ಮನಿ ಶೋ' ನೋಡಿ. ಕರೆಂಟ್ ಮತ್ತು ಗ್ಯಾಸ್ ದರದ ಮಿತಿ ಇಲ್ಲಿ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿ ಚೌಕಾಸಿ ಮಾಡಬಹುದು, ಐಸಾ ಖಾತೆ ಅಂದರೆ ಏನು, ಇಂಥದ್ದನ್ನೆಲ್ಲ ಆ ಮನುಷ್ಯ ರೈಲಿನ ವೇಗದಲ್ಲಿ ಹೇಳುತ್ತಾರೆ. ನಡುನಡುವೆ ನಿಲ್ಲಿಸಿ ನಿಲ್ಲಿಸಿ ನೋಡಿ.

ಮನೆ ಕೊಳ್ಳುವ ಯೋಚನೆ ಇದ್ದರೆ 'ಹೋಮ್ಸ್ ಅಂಡರ್ ದಿ ಹ್ಯಾಮರ್'. ಹರಾಜಿನಲ್ಲಿ ಯಾರೋ ಹಳೇ ಮನೆ ಕೊಳ್ಳುತ್ತಾರೆ, ರಿಪೇರಿ ಮಾಡಿಸುತ್ತಾರೆ, ಕೊನೆಗೆ ಏಜೆಂಟ್ ಬಂದು ಈಗ ಇದರ ಬೆಲೆ ಎಷ್ಟು ಅಂತ ಹೇಳುತ್ತಾರೆ. ನಿರೂಪಕರು ಗೋಡೆ ಮೂಲೆಯಲ್ಲಿ ಕಪ್ಪಗಾದ ಜಾಗ ತೋರಿಸಿ ತೇವ ಎಲ್ಲಿಂದ ಬರುತ್ತಿದೆ ಅಂತ ವಿವರಿಸುವುದನ್ನು ಗಮನಿಸಿ. ಬಾಡಿಗೆ ಮನೆ ನೋಡಲು ಹೋದಾಗಲೂ ನಿಮ್ಮ ಕಣ್ಣು ಮೊದಲು ಆ ಮೂಲೆಗೇ ಹೋಗುತ್ತದೆ. ಲೀಸ್‌ಹೋಲ್ಡ್ ಫ್ಲ್ಯಾಟಿನ ತಾಪತ್ರಯ, ತೋಟದಲ್ಲಿ ಬೆಳೆದರೆ ಮನೆ ಸಾಲ ಸಿಗುವುದನ್ನೇ ಕಷ್ಟ ಮಾಡುವ ಜಪಾನೀಸ್ ನಾಟ್‌ವೀಡ್ ಗಿಡ, ಎಲ್ಲ ಇಲ್ಲೇ ಕಲಿಯಬಹುದು.

ಕಥೆ ಬೇಕೆನ್ನುವವರಿಗೆ

ನಮ್ಮ ಸಂಘದಲ್ಲಿ ಅರ್ಧ ಜನ ಐಟಿ, ಉಳಿದವರಲ್ಲಿ ಬಹಳಷ್ಟು ಡಾಕ್ಟರು, ನರ್ಸು. ಇಬ್ಬರಿಗೂ ಒಂದೊಂದು ಹೇಳುತ್ತೇನೆ.

ಐಟಿಯವರು 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್' ನೋಡಲೇಬೇಕು. 2024ರ ಜನವರಿಯಲ್ಲಿ ಐಟಿವಿಯಲ್ಲಿ ಬಂದ ನಾಲ್ಕು ಕಂತಿನ ನಿಜ ಕಥೆ. ಪೋಸ್ಟ್ ಆಫೀಸಿನವರು 1999ರಿಂದ ಹೊರೈಜನ್ ಅನ್ನುವ ಸಾಫ್ಟ್‌ವೇರ್ ತಂದರು. ಅದು ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸುತ್ತಿತ್ತು. ಹಳ್ಳಿಯ ಅಂಗಡಿಯಲ್ಲಿ ಪೋಸ್ಟ್ ಕೌಂಟರ್ ನಡೆಸುವ ಜೋ ಹ್ಯಾಮಿಲ್ಟನ್ ಸಹಾಯವಾಣಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಹೇಳಿದ ಹಾಗೇ ಒಂದೊಂದೇ ಗುಂಡಿ ಒತ್ತುತ್ತಾರೆ. ಕಣ್ಣೆದುರೇ ಕೊರತೆಯ ಮೊತ್ತ ಎರಡು ಪಟ್ಟಾಗುತ್ತದೆ. ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಆ ದೃಶ್ಯ ನೋಡಿದರೆ ಹೊಟ್ಟೆ ತೊಳಸುತ್ತದೆ. ಕಂಪ್ಯೂಟರ್ ತಪ್ಪು ಹೇಳುವುದಿಲ್ಲ ಅಂತ ನಂಬಿ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯಿತು. ಭಾರತೀಯ ಮೂಲದ ಅಂಗಡಿಯವರೂ ಅವರಲ್ಲಿದ್ದರು. ಸೀಮಾ ಮಿಶ್ರಾ ಅವರನ್ನು 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲಿಗೆ ಕಳಿಸಿದ್ದರು. ಧಾರಾವಾಹಿ ಬಂದ ಮೇಲೆ ಜನ ಎಷ್ಟು ಸಿಟ್ಟಾದರು ಅಂದರೆ ಅದೇ ವರ್ಷ ಮೇ ತಿಂಗಳಲ್ಲಿ ಸಂಸತ್ತು ಕಾನೂನು ಮಾಡಿ ಅಂಥ ನೂರಾರು ಶಿಕ್ಷೆಗಳನ್ನು ರದ್ದು ಮಾಡಿತು. ಟಿವಿಯಿಂದ ಇಷ್ಟಾಗುತ್ತೆ ಅಂತ ಯಾರು ಅಂದುಕೊಂಡಿದ್ದರು?

ಆಸ್ಪತ್ರೆಯವರಿಗೆ 2022ರ 'ದಿಸ್ ಈಸ್ ಗೋಯಿಂಗ್ ಟು ಹರ್ಟ್'. ಎನ್‌ಎಚ್‌ಎಸ್ ಹೆರಿಗೆ ವಾರ್ಡಿನ ಕಥೆ, ಏಳು ಕಂತು. ಅದರಲ್ಲಿ ಶ್ರುತಿ ಅನ್ನುವ ಜೂನಿಯರ್ ಡಾಕ್ಟರ್ ಪಾತ್ರ ಇದೆ, ಅಂಬಿಕಾ ಮೋಡ್ ಮಾಡಿದ್ದಾರೆ. ತುಂಬಾ ಕಾಡುತ್ತದೆ. ಸತತ ನೈಟ್ ಡ್ಯೂಟಿ ಮಾಡಿ ಸುಸ್ತಾಗಿರುವ ವಾರ ಇದನ್ನು ನೋಡಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಹದಿವಯಸ್ಸಿನ ಮಕ್ಕಳ ಅಪ್ಪ ಅಮ್ಮ ನೆಟ್‌ಫ್ಲಿಕ್ಸ್‌ನಲ್ಲಿ 'ಅಡೊಲೆಸೆನ್ಸ್' ನೋಡಿ. 2025ರದು, ನಾಲ್ಕೇ ಕಂತು, ಪ್ರತಿ ಕಂತೂ ಒಂದೇ ಶಾಟ್. 13 ವರ್ಷದ ಹುಡುಗನನ್ನು ಕೊಲೆ ಆರೋಪದ ಮೇಲೆ ಬೆಳ್ಳಂಬೆಳಿಗ್ಗೆ ಪೊಲೀಸರು ಬಂದು ಕರೆದೊಯ್ಯುತ್ತಾರೆ. ಮೊದಲು ನೀವಿಬ್ಬರೇ ನೋಡಿ, ಮಕ್ಕಳ ಜತೆ ನೋಡಬೇಕಾ ಅನ್ನುವುದನ್ನು ಆಮೇಲೆ ತೀರ್ಮಾನಿಸಿ.

ಉಚ್ಚಾರಣೆಗೆ ಕಿವಿ ಪಳಗಬೇಕೆಂದರೆ ಊರಿಗೆ ತಕ್ಕ ಹಾಗೆ ಆರಿಸಿ. ವೇಲ್ಸ್‌ಗೆ ಬಂದವರು 'ಗ್ಯಾವಿನ್ ಅಂಡ್ ಸ್ಟೇಸಿ', ಗ್ಲಾಸ್ಗೋದವರು 'ಸ್ಟಿಲ್ ಗೇಮ್', ನ್ಯೂಕಾಸಲ್ ಕಡೆಯವರು 'ವೀರಾ', ಉತ್ತರ ಐರ್ಲೆಂಡಿನವರು 'ಡೆರಿ ಗರ್ಲ್ಸ್'. ಯಾರ್ಕ್‌ಶೈರ್‌ಗೆ 'ಹ್ಯಾಪಿ ವ್ಯಾಲಿ' ಇದೆ, ಕಥೆಯಲ್ಲಿ ಇವೆಲ್ಲಕ್ಕಿಂತ ಮೇಲು, ಆದರೆ ಹಿಂಸೆ ಜಾಸ್ತಿ.

ಹಳೆಯದರಲ್ಲಿ ಒಂದೇ ಹೇಳುತ್ತೇನೆ, 'ಯೆಸ್ ಮಿನಿಸ್ಟರ್'. ವಿಧಾನಸೌಧದ ಫೈಲುಗಳು ಹೇಗೆ ಓಡಾಡುತ್ತವೆ ಅಂತ ಗೊತ್ತಿರುವ ನಮಗೆ ಇದರ ರುಚಿ ಇಲ್ಲಿಯವರಿಗಿಂತ ಚೆನ್ನಾಗಿ ಹತ್ತುತ್ತದೆ. ಐನೂರು ಜನ ಆಡಳಿತ ಸಿಬ್ಬಂದಿ ಇದ್ದು ಒಬ್ಬ ರೋಗಿಯೂ ಇಲ್ಲದ ಆಸ್ಪತ್ರೆಯ ಕಂತು ಹುಡುಕಿ ನೋಡಿ. ರೋಗಿಗಳಿಲ್ಲದ್ದಕ್ಕೇ ಅದು ಸ್ವಚ್ಛತೆಯ ಬಹುಮಾನದ ಪೈಪೋಟಿಯಲ್ಲಿರುತ್ತದೆ! 'ಮೈಂಡ್ ಯುವರ್ ಲಾಂಗ್ವೇಜ್' ನಾವೆಲ್ಲ ನೋಡಿ ನಕ್ಕವರೇ, ಆದರೆ ಇಲ್ಲಿ ಅದನ್ನು ವಲಸೆ ಬಂದವರನ್ನು ಗೇಲಿ ಮಾಡಿದ ಹಳೇ ಕಾಲದ ಕಾರ್ಯಕ್ರಮ ಅಂತ ನೋಡುತ್ತಾರೆ. ಅದರ ಬದಲು 1998ರ 'ಗುಡ್‌ನೆಸ್ ಗ್ರೇಷಿಯಸ್ ಮಿ' ನೋಡಿ. ಅಲ್ಲಿ ಭಾರತೀಯರು ಗುಂಪಾಗಿ ಇಂಗ್ಲಿಷ್ ಊಟದ ಹೋಟೆಲಿಗೆ ಹೋಗಿ, ಇದ್ದುದರಲ್ಲೇ ಅತ್ಯಂತ ಸಪ್ಪೆ ತಿಂಡಿ ಯಾವುದು ಅಂತ ಕೇಳುತ್ತಾರೆ.

ಊರಿಂದ ಅಪ್ಪ ಅಮ್ಮ ಬಂದಾಗ

ನೀವು ಕೆಲಸಕ್ಕೆ ಹೋದ ಮೇಲೆ, ಹೊರಗೆ ಮಳೆ, ಅವರಿಬ್ಬರೇ ಮನೆಯಲ್ಲಿ. ಭಾಷೆ ಅಷ್ಟಾಗಿ ಬೇಕಿಲ್ಲದ ಕಾರ್ಯಕ್ರಮ ಹಾಕಿಕೊಟ್ಟು ಹೋಗಿ. 'ದಿ ರಿಪೇರ್ ಶಾಪ್'ನಲ್ಲಿ ಮುರಿದ ಗಡಿಯಾರ, ಹರಿದ ಗೊಂಬೆ ತಂದುಕೊಡುತ್ತಾರೆ, ಕುಶಲಕರ್ಮಿಗಳು ಸರಿ ಮಾಡಿ ಕೊಡುತ್ತಾರೆ, ತಂದವರು ಅಳುತ್ತಾರೆ. ಅರ್ಥ ಆಗಲು ಇಂಗ್ಲಿಷ್ ಬೇಕಾ? ಡೇವಿಡ್ ಅಟೆನ್‌ಬರೋ ದನಿಯಲ್ಲಿ ಬರುವ ಕಾಡುಪ್ರಾಣಿಗಳ 'ಪ್ಲಾನೆಟ್ ಅರ್ಥ್' ಸಹ ಹಾಗೇ. ನಮ್ಮ 'ವೈಲ್ಡ್ ಕರ್ನಾಟಕ'ಕ್ಕೂ ಅದೇ ದನಿ ಅಂತ ಹೇಳಿದರೆ ಅಪ್ಪ ಇನ್ನೂ ಆಸೆಯಿಂದ ನೋಡುತ್ತಾರೆ.

ತೋಟ, ಗದ್ದೆ ಇದ್ದವರ ಮನೆಯಲ್ಲಿ ಗೆಲ್ಲುವುದು ಪ್ರೈಮ್‌ನ 'ಕ್ಲಾರ್ಕ್‌ಸನ್ಸ್ ಫಾರ್ಮ್'. ಟಿವಿಯ ಶ್ರೀಮಂತ ಮನುಷ್ಯ ಸಾವಿರ ಎಕರೆಯಲ್ಲಿ ತಾನೇ ಬೇಸಾಯಕ್ಕೆ ಇಳಿಯುತ್ತಾನೆ. ಮಳೆ ಬಿಡುವುದಿಲ್ಲ, ಕುರಿ ಮಾತು ಕೇಳುವುದಿಲ್ಲ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಲಾಭ 144 ಪೌಂಡ್. ಬೈಗುಳ ಜಾಸ್ತಿ ಇದೆ, ಅಪ್ಪಂದಿರಿಗೆ ಅದು ಕೇಳಿಸುವುದಿಲ್ಲ, ನಿಮಗೆ ಮುಜುಗರ ಅಷ್ಟೇ.

ಲೈಸೆನ್ಸ್ ಮತ್ತು ಆಪ್‌ಗಳು

ಐಟಿವಿಎಕ್ಸ್, ಚಾನೆಲ್ 4, ಚಾನೆಲ್ 5ರ ಆಪ್‌ಗಳು ಪುಕ್ಕಟೆ, ನಡುವೆ ಜಾಹೀರಾತು ಬರುತ್ತದೆ. ಬಿಬಿಸಿ ಐಪ್ಲೇಯರ್ ನೋಡಲು ಟಿವಿ ಲೈಸೆನ್ಸ್ ಬೇಕು. ಯಾವುದೇ ಚಾನೆಲ್ ಅನ್ನು ಲೈವ್ ಆಗಿ ನೋಡಲೂ ಬೇಕು, ಟಿವಿ ಆಗಲಿ ಫೋನ್ ಆಗಲಿ ಲ್ಯಾಪ್‌ಟಾಪ್ ಆಗಲಿ. ಭಾರತದ ಚಾನೆಲ್ ಲೈವ್ ನೋಡಿದರೂ ಬೇಕು, ಇದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನೆಟ್‌ಫ್ಲಿಕ್ಸ್, ಯೂಟ್ಯೂಬ್‌ನಲ್ಲಿ ಲೈವ್ ಅಲ್ಲದ್ದನ್ನು ಮಾತ್ರ ನೋಡುವುದಾದರೆ ಬೇಡ. ಬೇಡವಾದರೆ ಟಿವಿ ಲೈಸೆನ್ಸಿಂಗ್ ವೆಬ್‌ಸೈಟ್‌ನಲ್ಲಿ ಹಾಗೆಂದು ತಿಳಿಸಿಬಿಡಿ, ಇಲ್ಲದಿದ್ದರೆ ಕೆಂಪಕ್ಷರದ ಪತ್ರಗಳು ಬರುತ್ತಲೇ ಇರುತ್ತವೆ. ಬೇಕಾಗಿಯೂ ತೆಗೆದುಕೊಳ್ಳದೆ ಸಿಕ್ಕಿಬಿದ್ದರೆ 1,000 ಪೌಂಡ್‌ವರೆಗೆ ದಂಡ.

ಶುಲ್ಕ 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಆಗಿತ್ತು, ಏಪ್ರಿಲ್ ಬಂದಾಗ ಏರುವುದುಂಟು, ಕಟ್ಟುವ ಮೊದಲು ಈಗಿನ ದರ ನೋಡಿಕೊಳ್ಳಿ. ತಿಂಗಳ ಕಂತಲ್ಲೂ ಕಟ್ಟಬಹುದು. ಒಂದು ಮನೆಗೆ ಒಂದೇ ಲೈಸೆನ್ಸ್ ಸಾಕು. ಆದರೆ ಶೇರಿಂಗ್ ಮನೆಯಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಬಾಡಿಗೆ ಕರಾರು ಇದ್ದರೆ ಅವರವರ ಕೋಣೆಗೆ ಬೇರೆ ಬೇಕಾಗಬಹುದು. ಮನೆ ಬದಲಿಸಿದರೆ ಲೈಸೆನ್ಸ್ ತಾನಾಗಿ ನಿಮ್ಮ ಹಿಂದೆ ಬರುವುದಿಲ್ಲ, ವಿಳಾಸ ಬದಲಿಸಬೇಕು. ಪ್ರಾಜೆಕ್ಟ್ ಮುಗಿದು ಊರಿಗೆ ವಾಪಸ್ ಹೋಗುವವರು ಹೊರಡುವ ಮೊದಲು ರದ್ದು ಮಾಡಿ, ಪೂರ್ತಿ ತಿಂಗಳುಗಳು ಉಳಿದಿದ್ದರೆ ಆ ದುಡ್ಡು ವಾಪಸ್ ಕೇಳಬಹುದು. ಇಲ್ಲಿನ ಬ್ಯಾಂಕ್ ಖಾತೆ ಮುಚ್ಚುವ ಮೊದಲೇ ಅದನ್ನು ಮಾಡಿ ಮುಗಿಸಿ.