ಅಗಲ ಪಾದಕ್ಕೆ ವೆಸ್ಟರ್ನ್ ಬೂಟು: ನಂಬರ್ ಇಳಿಸಿ ನೋಡಿದ ನನ್ನ ಅನುಭವ

ಪಾದ ಅಗಲ ಇದ್ದರೆ ಒಂದು ನಂಬರ್ ದೊಡ್ಡದು ತಗೊಳ್ಳಿ ಅಂತ ನನಗೆ ಹೇಳದ ಅಂಗಡಿಯವನಿಲ್ಲ, ಬುಲೆಟ್ ಓಡಿಸುವ ಗೆಳೆಯನಿಲ್ಲ. ಆ ಮಾತಿಗೇ ಹೆಚ್ಚುಕಮ್ಮಿ ಮೂವತ್ತು ಸಾವಿರ ಕೈಬಿಟ್ಟಿದೆ. ಈಗ ನನ್ನ ಕಾಲಲ್ಲಿರುವ ವೆಸ್ಟರ್ನ್ ಬೂಟಿನ, ಅಂದರೆ ಅಮೆರಿಕದ ಕೌಬಾಯ್ ಬೂಟಿನ ಜೋಡಿ ನನ್ನ ಸ್ಪೋರ್ಟ್ಸ್ ಶೂಗಿಂತ ಅರ್ಧ ನಂಬರ್ ಚಿಕ್ಕದು. ಹೋದ ಮದುವೆ ಸೀಸನ್ ಪೂರ್ತಿ ಅದರಲ್ಲೇ ಕಳೆದಿದ್ದೇನೆ. ನಾನು ಮದುವೆ ಫೋಟೋಗ್ರಾಫರ್. ಬೆಳಗಿನ ಐದಕ್ಕೆ ಛತ್ರ ಹೊಕ್ಕರೆ ಆರತಕ್ಷತೆ ಮುಗಿಸಿ ಹೊರಬರುವಾಗ ರಾತ್ರಿ ಹನ್ನೊಂದು, ಊಟದ ಹತ್ತು ನಿಮಿಷ ಬಿಟ್ಟರೆ ಕೂರುವ ಮಾತೇ ಇಲ್ಲ.

ಮೈಸೂರಿನ ಗೆಳೆಯರು ಮೊದಲು ನಕ್ಕರು. "ಏನ್ ಗುರು, ಅಶ್ವಾರೋಹಿ ದಳಕ್ಕೆ ಸೇರ್ಕೊಂಡಾ? ಜಂಬೂಸವಾರಿಲಿ ಯಾವ ಕುದುರೆ ನಿಂದು?" ಅಂದರು. ನಂಬರ್ ಇಳಿಸಿದ್ದೀನಿ ಅಂದ ಮೇಲಂತೂ, ತಿಂಗಳೊಳಗೆ ಕುಂಟುತ್ತೀಯ ಅಂತ ಬಾಜಿ ಕಟ್ಟಿದರು. ಬಾಜಿಯ ದುಡ್ಡು ಇನ್ನೂ ಬಂದಿಲ್ಲ, ಅದಿರಲಿ.

ಹುಟ್ಟಿದ್ದು ಮಂಡ್ಯ ಪಕ್ಕದ ಹಳ್ಳಿಯಲ್ಲಿ. ಹೈಸ್ಕೂಲು ಮುಗಿಯುವವರೆಗೂ ಗದ್ದೆ ಬದುವಿನ ಮೇಲೆ ಬರಿಗಾಲು, ಇಲ್ಲದಿದ್ದರೆ ಹವಾಯಿ ಚಪ್ಪಲಿ. ಹಾಗಾಗಿ ಬೆರಳ ಕಡೆ ಪಾದ ಚೆನ್ನಾಗಿ ಹರಡಿಕೊಂಡಿದೆ, ಹಿಮ್ಮಡಿ ಮಾತ್ರ ಸಣ್ಣದು. ಮೇಲುಬ್ಬು, ಅಂದರೆ ಪಾದದ ಮೇಲಿನ ಉಬ್ಬು, ಜಾಸ್ತಿ. ನಮ್ಮ ಕಡೆಯ ಅರ್ಧ ಜನರ ಪಾದ ಹೀಗೇ ಇರೋದು. ಅಂಗಡಿಯಲ್ಲಿ ಉದ್ದ ಒಂದನ್ನೇ ನೋಡಿ ಡಬ್ಬಿ ಇಳಿಸುತ್ತಾರೆ.

ದೊಡ್ಡ ನಂಬರ್ ಯಾಕೆ ಕೈಕೊಡುತ್ತೆ ಅಂದರೆ, ಬೂಟಿನ ಅತಿ ಅಗಲದ ಜಾಗ ಒಂದೇ ಕಡೆ ಇರುತ್ತೆ, ಅದು ಹೆಬ್ಬೆರಳ ಬುಡದ ಗೆಣ್ಣು ಕೂರಬೇಕಾದ ಜಾಗ. ಅದರ ಹಿಂದೆ ಅಂಗಾಲಿನ ಕಮಾನಿನ ಕೆಳಗೆ ಶ್ಯಾಂಕ್ ಅನ್ನುವ ಉಕ್ಕಿನ ಪಟ್ಟಿ ಇದೆ, ಅಲ್ಲಿ ಬೂಟು ಬಗ್ಗಲ್ಲ. ನಂಬರ್ ಏರಿಸಿದರೆ ಆ ಅಗಲದ ಜಾಗ ಮುಂದೆ ಹೋಗುತ್ತೆ, ನಮ್ಮ ಗೆಣ್ಣು ಹಿಂದೆ ಉಳಿದು ಸೊಂಟದಂಥ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತೆ. ಬೂಟು ಒಂದು ಕಡೆ ಬಗ್ಗಿದರೆ ಕಾಲು ಇನ್ನೊಂದು ಕಡೆ. ಮಡಿಕೆ ಬಿದ್ದ ಚರ್ಮ ಬೆರಳ ಮೇಲೆ ಕೂತು ತಿನ್ನುತ್ತೆ. ಲೇಸ್ ಇದ್ದಿದ್ದರೆ ಎಳೆದು ಕಟ್ಟಿ ಸುಧಾರಿಸಬಹುದಿತ್ತು. ಇಲ್ಲಿ ಲೇಸೂ ಇಲ್ಲ, ಜಿಪ್ಪೂ ಇಲ್ಲ. ಕಾಲನ್ನು ಹಿಡಿದಿಡುವುದು ಮೇಲುಬ್ಬಿನ ಹಿಡಿತ ಒಂದೇ.

ಮೊದಲನೆಯ ಜೋಡಿ ಬೆಂಗಳೂರಿನದು, ನಾಲ್ಕೂವರೆ ಸಾವಿರ ಇರಬೇಕು. ಅಪ್ಪಟ ಲೆದರ್ ಅಂದಿದ್ದರು. ಒಂದು ಮಳೆಗಾಲಕ್ಕೆ ಮಡಿಕೆಯಲ್ಲಿ ಬಣ್ಣದ ಪದರ ಎದ್ದು ಕೆಳಗೆ ಬಟ್ಟೆ ಕಾಣಿಸಿತು. ಎರಡನೆಯದು ತಮಿಳುನಾಡಿನ ಆಂಬೂರು ಕಡೆಯ ರಫ್ತಿನ ಮಾಲು, ಏಳು ಸಾವಿರದ ಆಸುಪಾಸು. ಚರ್ಮ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ, ಆದರೆ ಅದು ಅಮೆರಿಕದ ಅಳತೆಯ ಹನ್ನೊಂದು ನಂಬರು. ಮಾಮೂಲಿ ಸಾಕ್ಸ್ ಮೇಲೆ ಇನ್ನೊಂದು ಸಾಕ್ಸ್ ಏರಿಸಿದರೂ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತಿತ್ತು, ಕಿರುಬೆರಳು ಮಾತ್ರ ನಜ್ಜುಗುಜ್ಜು. ಅದನ್ನು ಮೂರು ಸಾವಿರಕ್ಕೆ ಒಬ್ಬ ಗೆಳೆಯನಿಗೆ ದಾಟಿಸಿದೆ, ಅವನಿಗೆ ಹೇಳಿ ಮಾಡಿಸಿದ ಹಾಗಿದೆ. ಮೂರನೆಯದರ ಬೆಲೆ ಹೇಳಿದರೆ ಮನೆಯವಳು ಓದಿಬಿಡುತ್ತಾಳೆ.

ಆಮೇಲೆ ಅಂಗಡಿ ಸುತ್ತುವುದನ್ನು ಬಿಟ್ಟು ಟೈಲರ್ ಟೇಪು ಹಿಡಿದೆ. ಸಂಜೆ, ಮದುವೆ ಕೆಲಸ ಮುಗಿಸಿ ಬಂದ ಮೇಲೆ, ಪಾದ ಊದಿಕೊಂಡಿರುವಾಗ ಅಳೆಯಬೇಕು. ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಮೈಭಾರ ಬಿಟ್ಟು ನಿಂತು, ಗೋಡೆಯಿಂದ ಹೆಬ್ಬೆರಳ ಗೆಣ್ಣಿಗೆ ಎಷ್ಟು ಅಂತ ಮೊದಲು. ತುದಿ ಬೆರಳಿಗೆ ಎಷ್ಟು ಅನ್ನುವುದು ಆಮೇಲೆ. ಎರಡರಲ್ಲಿ ಯಾವುದು ದೊಡ್ಡ ನಂಬರ್ ಹೇಳುತ್ತೋ ಅದು ನಿಮ್ಮದು. ನನಗೆ ಎರಡೂ ಅಮೆರಿಕದ ಒಂಬತ್ತೂವರೆಗೇ ಬಂತು. ನಾನು ಹಾಕುತ್ತಿದ್ದ ಹತ್ತು, ಅಂದರೆ ನಮ್ಮ ಅಂಗಡಿಗಳ ಒಂಬತ್ತು, ಸ್ಪೋರ್ಟ್ಸ್ ಶೂನ ಮೆತ್ತೆಗೂ ಸೇರಿಸಿ ಕೊಂಡಿದ್ದ ನಂಬರು. ಅರ್ಧ ನಂಬರಿಗೆ ನಾಲ್ಕು ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಅಗಲಕ್ಕೆ ಬೇರೆ ಅಕ್ಷರವೇ ಇದೆಯಲ್ಲ. ಮಾಮೂಲಿ ಅಗಲದ ಡಿ ಬಿಟ್ಟು ಹೆಚ್ಚು ಅಗಲದ ಡಬಲ್ ಇ ತಗೊಂಡರೆ ಗೆಣ್ಣಿನ ಸುತ್ತಳತೆಯಲ್ಲಿ ಅರ್ಧ ಇಂಚಿನಷ್ಟು ಸಿಗುತ್ತೆ, ಉದ್ದ ಬೆಳೆಯಲ್ಲ. ಮೇಲುಬ್ಬಿನ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ. ಕಾಲು ಒಳಗೇ ಹೋಗದಿದ್ದರೆ ಜಗಳ ಅಲ್ಲಿ, ಬೆರಳಲ್ಲಿ ಅಲ್ಲ.

ಇದೇನು ನನ್ನ ತಲೆಯಿಂದ ಉದುರಿದ್ದಲ್ಲ. 1879ರಲ್ಲಿ ಟೆಕ್ಸಾಸಿನಲ್ಲಿ ಬೂಟು ಹೊಲಿಯಲು ಶುರು ಮಾಡಿದ ಎಚ್.ಜೆ. ಜಸ್ಟಿನ್ ಕುಟುಂಬದವರು, ದನ ಹೊಡೆದುಕೊಂಡು ಹೋಗುವವರು ತಮ್ಮ ಕಾಲು ತಾವೇ ಅಳೆದು ಅಂಚೆಯಲ್ಲಿ ಕಳಿಸುವ ವ್ಯವಸ್ಥೆ ಮಾಡಿದ್ದರು. ಅಂಗಡಿ ನೋಡದವನಿಗೂ ಬೂಟು ಸರಿಹೋಗುತ್ತಿತ್ತು ಅಂದಮೇಲೆ ನಮಗೇನು ಧಾಡಿ?

ಅಕ್ಕನ ಮಗ ಡಲ್ಲಾಸಿನಲ್ಲಿದ್ದಾನೆ. ಅವನು ರಜೆಗೆ ಬರುವಾಗ ಒಂಬತ್ತೂವರೆ ಡಬಲ್ ಇ ಹೇಳಿ ತರಿಸಿದೆ. ಇನ್ನೂರು ಡಾಲರ್ ಚಿಲ್ಲರೆ, ಹದಿನೇಳೋ ಹದಿನೆಂಟೋ ಸಾವಿರ ಬಿತ್ತು. ಹಸುವಿನ ಚರ್ಮ, ಅಂಚಿನ ಪಟ್ಟಿಗೆ ಅಟ್ಟೆ ಸೇರಿಸುವ ವೆಲ್ಟ್ ಹೊಲಿಗೆ, ಶ್ಯಾಂಕಿನ ಅಕ್ಕಪಕ್ಕ ಮರದ ಮೊಳೆ. ಮೊದಲ ಸಲ ಬೂಟಿನ ಮೇಲಂಚಿನ ಕಿವಿ ಹಿಡಿದು ಎಳೆದಾಗ ಒಳಗೆ ಹೋಗಲೊಲ್ಲದು. ಇನ್ನೊಂದು ಎಳೆತಕ್ಕೆ 'ಟಪ್' ಅಂತ ಹಿಮ್ಮಡಿ ಕೆಳಗೆ ಕೂತಿತು. ಆ ಸದ್ದು ಬರದಿದ್ದರೆ ಬೂಟು ಸಡಿಲ. ಮೊದಲ ವಾರ ನಡೆಯುವಾಗ ಹಿಮ್ಮಡಿ ಕಾಲು ಇಂಚು ಎದ್ದೇ ಏಳುತ್ತೆ, ಅಟ್ಟೆ ಇನ್ನೂ ಬಗ್ಗಿರುವುದಿಲ್ಲ. ಎಷ್ಟೋ ಜನ ಇಲ್ಲೇ ಹೆದರಿ ವಾಪಸ್ ಕೊಡುತ್ತಾರೆ. ಅಟ್ಟೆ ಬಗ್ಗಿದ ಮೇಲೆ ತಾನಾಗಿ ನಿಲ್ಲುತ್ತೆ.

ಕಿರುಬೆರಳ ಕಡೆ ಒಂಚೂರು ಬಿಗಿ ಇತ್ತು. ಅದನ್ನು ಬಿಡಿಸಲು ನೀರು ತುಂಬಿದ ಪ್ಲಾಸ್ಟಿಕ್ ಚೀಲ ಒಳಗಿಟ್ಟು ಬೂಟನ್ನು ಫ್ರಿಜ್ಜಿನ ಮೇಲಿನ ಗೂಡಿಗೆ ತಳ್ಳಿದೆ, ಮಂಜುಗಡ್ಡೆ ಉಬ್ಬಿದರೆ ಚರ್ಮ ಹಿಗ್ಗುತ್ತೆ ಅಂತ. ಬೆಳಿಗ್ಗೆ ಅವ್ವನ ಕೂಗಿಗೇ ಎಚ್ಚರ: "ಯಾವನ್ಲಾ ಅವ್ನು ಹಾಲಿನ್ ಪಕ್ದಲ್ಲಿ ಎಕ್ಕಡ ಮಡಗಿರೋನು!" ಚೀಲ ಸೋರಿ ಒಳಗಿನ ಲೈನಿಂಗ್ ಮೇಲೆ ಕರೆ ಬಿದ್ದಿತ್ತು, ಹಿಗ್ಗಿದ್ದು ಮಾತ್ರ ಸೊನ್ನೆ. ಕೊಬ್ಬರಿ ಎಣ್ಣೆಯನ್ನು ಹಳೆಯ ಜೋಡಿಯ ಮೇಲೆ ನೋಡಿದೆ. ಬಣ್ಣ ಕಪ್ಪಾಯಿತು, ಮೈಸೂರಿನ ಧೂಳೆಲ್ಲ ಅದರ ಮೇಲೇ ಕೂತಿತು. ಕೊನೆಗೆ ಕೆಲಸ ಮಾಡಿದ್ದು ಸ್ಪಿರಿಟ್ ನೀರು ಬೆರೆಸಿ ಒಳಗಿನಿಂದ ಒದ್ದೆ ಮಾಡಿ, ದಪ್ಪ ಸಾಕ್ಸ್ ಹಾಕಿಕೊಂಡು ಒಣಗುವವರೆಗೆ ಮನೆಯಲ್ಲೇ ಓಡಾಡಿದ್ದು. ಯಾವ ಪ್ರಮಾಣ, ಎಲ್ಲೆಲ್ಲಿ ಒದ್ದೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ಒಂದು ಮಸಾಲೆ ದೋಸೆಯ ಖರ್ಚಿದೆ.

ಚರ್ಮದ ಅಟ್ಟೆ ಮೈಸೂರಿಗೆ ಆಗಿಬರಲ್ಲ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸದಾ ನೀರು ಚಿಮುಕಿಸಿರುತ್ತಾರೆ, ಅಲ್ಲಿ ಕ್ಯಾಮೆರಾ ಸಮೇತ ಜಾರಿ ಸೇವಂತಿಗೆ ಕುಕ್ಕೆಗೆ ಕೈ ಊರಿದ ಮೇಲೆ ಮುಂದಿನರ್ಧಕ್ಕೆ ತೆಳು ರಬ್ಬರ್ ಹಾಕಿಸಿದೆ. ಅಶೋಕ ರಸ್ತೆ ಕಡೆಯ ಒಬ್ಬರು ಹಿರಿಯರು, ಕೈ ಚೊಕ್ಕ. ಅಟ್ಟೆಯನ್ನು ಗಾಜಿನ ಕಾಗದದಿಂದ ಉಜ್ಜಿ ಒರಟು ಮಾಡಿ, ಎರಡೂ ಕಡೆ ಸಲ್ಯೂಷನ್ ಬಳಿದು, ಬೆರಳಿಗೆ ಅಂಟೀ ಅಂಟದ ಹಾಗೆ ಒಣಗುವವರೆಗೆ ಬೀಡಿ ಸೇದಿ ಮುಗಿಸಿದರು, ಆಮೇಲೆ ಕೂರಿಸಿ ಸುತ್ತಿಗೆಯಿಂದ ಮಧ್ಯದಿಂದ ಅಂಚಿನ ಕಡೆಗೆ ತಟ್ಟುತ್ತಾ ಬಂದರು. ನಾಲ್ಕು ನೂರೇನೋ ತಗೊಂಡರು. ಮೊಳೆ ಹೊಡೆಯಲು ಮಾತ್ರ ಬಿಡಬೇಡಿ, ನೀರು ಆ ತೂತಿನಿಂದಲೇ ಒಳಗೆ ಬರುತ್ತೆ.

ಅಂದದ ಮಾತು. ಅಗಲ ಪಾದಕ್ಕೆ ಅಗಲ ಚೌಕದ ತುದಿಯೇ ಗತಿ ಅಂತ ನಂಬಿರುವವರಿಗೆ ಹೇಳುತ್ತಿದ್ದೇನೆ, ಆ ತುದಿ ನನ್ನಂಥ ಕುಳ್ಳನ ಕಾಲಿಗೆ ಸನಿಕೆ ಕಟ್ಟಿದ ಹಾಗೆ ಕಾಣುತ್ತೆ. ಗೆಣ್ಣು ಸರಿಯಾದ ಜಾಗದಲ್ಲಿ ಕೂತರೆ ಮೊನೆಯ ಹತ್ತಿರ ಬೆರಳು ಹೋಗುವುದೇ ಇಲ್ಲ, ಅಲ್ಲಿರುವುದು ಬರೀ ಗಾಳಿ. ಹಾಗಾಗಿ ನಾನು ಮಧ್ಯಮ ದುಂಡುಮೊನೆ ತರಿಸಿದೆ. ಹಿಮ್ಮಡಿ ಒಂದೂವರೆ ಇಂಚು. ಎರಡಿಂಚಿನ ಓರೆ ಹಿಮ್ಮಡಿ ಕುದುರೆ ಜೀನಿನ ರಿಕಾಪಿನಲ್ಲಿ ಕಾಲು ಸಿಕ್ಕಿಕೊಳ್ಳದಿರಲಿ ಅಂತ ಇರೋದು, ಛತ್ರದ ಗ್ರಾನೈಟಿನ ಮೇಲೆ ಹದಿನೆಂಟು ಗಂಟೆ ನಿಲ್ಲುವವನಿಗಲ್ಲ. ಪ್ಯಾಂಟಿನ ಬಾಯಿ ಕಿರಿದಿದ್ದರೆ ಶಾಫ್ಟಿಗೆ, ಅಂದರೆ ಬೂಟಿನ ಮೇಲಿನ ಕೊಳವೆಗೆ, ಸಿಕ್ಕಿ ಮೊಣಕಾಲವರೆಗೆ ಏರುತ್ತೆ, ಬಾಯಿ ಅಗಲದ ಬೂಟ್‌ಕಟ್ ಹೊಲಿಸಿಕೊಳ್ಳಿ.

ಮಂಟಪ ಹತ್ತುವಾಗ ಬಿಚ್ಚಲೇಬೇಕಲ್ಲ, ಅದಕ್ಕೆ ಕ್ಯಾಮೆರಾ ಬ್ಯಾಗಿನಲ್ಲಿ ಮರದ ಬೂಟ್ ಜ್ಯಾಕ್ ಇಟ್ಟುಕೊಂಡಿದ್ದೇನೆ. ಹಲಸಿನ ಹಲಗೆಯ ತುಂಡಿನಲ್ಲಿ ಬಡಗಿಯ ಹತ್ತಿರ ಕೊರೆಸಿದ್ದು. ಹಿಮ್ಮಡಿ ಸಿಕ್ಕಿಸಿ ಎಳೆದರೆ ಆಯಿತು, ಬಗ್ಗುವ ಹಾಗಿಲ್ಲ, ಧಾರೆಯ ಕ್ಲಿಕ್ ತಪ್ಪಲ್ಲ. ಬಿಚ್ಚಿದ ಜೋಡಿಯನ್ನು ಒಟ್ಟಿಗೆ ಬಿಡಬಾರದು, ಒಂದನ್ನು ಅಡುಗೆಮನೆ ಬಾಗಿಲಲ್ಲಿ, ಇನ್ನೊಂದನ್ನು ಜನರೇಟರ್ ಪಕ್ಕ. ಎರಡನೆಯದನ್ನು ಹುಡುಕುವ ತಾಳ್ಮೆ ಯಾವ ಕಳ್ಳನಿಗೂ ಇಲ್ಲ.

ನಕ್ಕವರಲ್ಲಿ ನಾಲ್ಕೈದು ಮಂದಿ ಈಗ ಕಾಲು ತೋರಿಸದೆ ಬೂಟು ಕೊಳ್ಳುವುದಿಲ್ಲ. ಒಬ್ಬನಿಗೆ ಆರು ಸಾವಿರದೊಳಗೇ ದೇಶದ ಮಾಲಿನಲ್ಲಿ ಕೂರಿಸಿಕೊಟ್ಟಿದ್ದೇನೆ. ಅಗಲದ ಅಕ್ಷರ ಅದರಲ್ಲಿ ಬರುವುದಿಲ್ಲವಾದ್ದರಿಂದ ಒಳಗಿನ ಹಾಸನ್ನು ತೆಗೆದು ತೆಳು ಚರ್ಮ ಹಾಕಿಸಬೇಕಾಯಿತು. ಇನ್ನೊಬ್ಬನ ಮೀನಖಂಡ ಹದಿನಾರು ಇಂಚಿದೆ, ಶಾಫ್ಟೇ ಏರಲ್ಲ. ಹಿಂದಿನ ಹೊಲಿಗೆ ಬಿಚ್ಚಿಸಿ ಎಲಾಸ್ಟಿಕ್ ಪಟ್ಟಿ ಕೂರಿಸಬಹುದಾ ಅಂತ ಅಶೋಕ ರಸ್ತೆಯ ಹಿರಿಯರನ್ನು ಕೇಳಿದೆ. ಬೂಟು ತಂದು ತೋರಿಸು, ಆಮೇಲೆ ರೇಟು ಹೇಳ್ತೀನಿ ಅಂದಿದ್ದಾರೆ.