ಆಶ್ರಯ ಕೋರುವವರ ಹೇಳಿಕೆ ಬರೆಯುವಾಗ ತಾರೀಖೇ ಮೊದಲು

ಮಾನಸಗಂಗೋತ್ರಿಯಲ್ಲಿ ಓದುವ ಅಫ್ಘನ್ ವಿದ್ಯಾರ್ಥಿಗಳಿಗೆ ಹೇಳಿಕೆ ಸಿದ್ಧಪಡಿಸಿಕೊಡುವಾಗ ನಾನು ಅನುಸರಿಸುವ ಕ್ರಮವಿದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಬೈಲಕುಪ್ಪೆಯ ಟಿಬೆಟನ್ನರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘನ್ನರ ಅರ್ಜಿ ಹೋಗುವುದು ದೆಹಲಿಯಲ್ಲಿರುವ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ಕಚೇರಿಗೆ.

ಅಲ್ಲಿನ ಅಧಿಕಾರಿಗೆ ಬೇಕಿರುವುದು ಮುಂದಿನ ಮಾತು: ಈಗ ಊರಿಗೆ ಮರಳಿದರೆ ಯಾರಿಂದ, ಯಾಕೆ ಅಪಾಯ? ಆ 'ಯಾಕೆ'ಗೆ ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಈ ಐದರಲ್ಲಿ ಒಂದಾದರೂ ತಗುಲಬೇಕು. ಮೂರು ಪುಟ ಕಷ್ಟ ಬರೆದು ಇದನ್ನೇ ಬಿಟ್ಟವರು ಬಹಳ. ಓದಲು ಬಂದ ಮೇಲೆ ಊರಿನ ಸ್ಥಿತಿ ಕೆಟ್ಟು ಭಯ ಹುಟ್ಟಿದ್ದರೂ ಅರ್ಜಿ ನಿಲ್ಲುತ್ತದೆ. ಆದರೆ ಆಮೇಲೆ ರಜೆಗೆಂದು ಊರಿಗೆ ಹೋಗಿ ಬಂದಿದ್ದರೆ ಕಾರಣವನ್ನು ನಾವೇ ಮೊದಲು ಬರೆದುಬಿಡಬೇಕು, ಪಾಸ್‌ಪೋರ್ಟಿನ ಮುದ್ರೆ ಸುಮ್ಮನಿರುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ತಾರೀಖಿನಲ್ಲಿ. ಅಫ್ಘನ್ ಸೌರ ವರ್ಷ ಶುರುವಾಗುವುದು ಮಾರ್ಚ್ 21ರ ಸುಮಾರಿಗೆ. ಅದನ್ನು ಇಂಗ್ಲಿಷ್ ವರ್ಷಕ್ಕೆ ತರಲು ಡಿಸೆಂಬರ್ ಕೊನೆಯವರೆಗಿನ ದಿನಗಳಿಗೆ 621, ಜನವರಿಯಿಂದಾಚೆಗೆ 622 ಕೂಡಿಸಬೇಕು. ತಾಲಿಬಾನ್ ಕಾಬೂಲಿಗೆ ನುಗ್ಗಿದ ಅಸದ್ ತಿಂಗಳ 24, 1400 ಎಂದರೆ 2021ರ ಆಗಸ್ಟ್ 15. ಅದೇ ವರ್ಷದ ದಲ್ವ ತಿಂಗಳ 10 ಬರುವುದು 2022ರ ಜನವರಿ 30ಕ್ಕೆ. ಆ ದಿನ ಅರ್ಜಿದಾರನ ಅಣ್ಣನನ್ನು ತಾಲಿಬಾನ್ ಸರ್ಕಾರ ಹಿಡಿಯಿತು ಎನ್ನಿ. ಇಲ್ಲಿ 621 ಕೂಡಿಸಿ 2021 ಎಂದು ಬರೆದರೆ, ಕಾಬೂಲ್ ಇನ್ನೂ ಹಳೆಯ ಸರ್ಕಾರದ ಕೈಯಲ್ಲಿದ್ದಾಗಲೇ ತಾಲಿಬಾನ್ ಸರ್ಕಾರ ಅಣ್ಣನನ್ನು ಹಿಡಿಯಿತೆಂದು ಹೇಳಿದಂತಾಗುತ್ತದೆ. ಅಧಿಕಾರಿಗೆ ಅದು ಸುಳ್ಳಾಗಿ ಕಾಣುತ್ತದೆ. ಅದಕ್ಕೇ ಪ್ರತಿ ಘಟನೆಗೂ ಎರಡೂ ಪಂಚಾಂಗದ ತಾರೀಖು ಅಕ್ಕಪಕ್ಕ ಬರೆಸುತ್ತೇನೆ. ಹಳೆಯ ಕಾಗದದ ತಜ್ಕಿರಾದಲ್ಲಿ (ಅಫ್ಘನ್ ಗುರುತಿನ ಚೀಟಿ) ಎಷ್ಟೋ ಸಲ ಹುಟ್ಟಿದ ದಿನವೇ ಇರುವುದಿಲ್ಲ, 'ಇಂಥ ವರ್ಷದಲ್ಲಿ ಇಷ್ಟು ವಯಸ್ಸು' ಎಂದಷ್ಟೇ. ಪಾಸ್‌ಪೋರ್ಟಿನಲ್ಲಿ ಜನವರಿ 1 ಬಂದಿದ್ದರೆ ಈ ಕಾರಣ ಒಂದು ಸಾಲಿನಲ್ಲಿ ಸೇರಿಸಿ.

ಸಂದರ್ಶನದಲ್ಲಿ ದುಭಾಷಿಯ ಮಾತು ಹಿಡಿಯದಿದ್ದರೆ ಆಗಲೇ ಹೇಳಬೇಕು, ಆಮೇಲೆ ಹೇಳಿದರೆ ನೆಪ ಅನಿಸುತ್ತದೆ. 'ಗೊತ್ತಿಲ್ಲ' ಅಂದರೆ ತಪ್ಪಿಲ್ಲ. ಅಂದಾಜಿನ ಮೇಲೆ ಹೇಳಿದ ಉತ್ತರವೇ ಮುಳುವಾಗುವುದು. ಕಾಗದವಿಲ್ಲದ ಸಂಗತಿಯಲ್ಲಿ ಸಂಶಯದ ಲಾಭ ಸಿಗುತ್ತದೆ ನಿಜ, ಆದರೆ ಸಿಗುವ ಪುರಾವೆಯನ್ನೆಲ್ಲ ಒದಗಿಸಿ ಮಿಕ್ಕ ಮಾತು ನಂಬುವಂತಿದ್ದರೆ ಮಾತ್ರ.

ನಿರಾಕರಣೆಯಾದರೆ ಮೇಲ್ಮನವಿಯ ಗಡುವು ಸಾಮಾನ್ಯವಾಗಿ 30 ದಿನ. ಅದನ್ನು ನೋಡುವವರು ಬೇರೆ ಅಧಿಕಾರಿ. ಹಳೆಯ ಹೇಳಿಕೆಯನ್ನೇ ಮತ್ತೆ ಕಳಿಸಬೇಡಿ. ಪತ್ರದಲ್ಲಿ ಯಾವ ಅಂಶವನ್ನು ನಂಬಲಿಲ್ಲವೆಂದಿದೆಯೋ ಅದೊಂದೊಂದಕ್ಕೂ ಉತ್ತರ ಬರೆದು, ಹೊಸ ದಾಖಲೆಯಿದ್ದರೆ ಅನುವಾದ ಲಗತ್ತಿಸಿ.