ಹತ್ತು ಲೀಟರ್ ಹಸು, ಎರಡು ಲೀಟರ್ ಎಮ್ಮೆ: ‘ಆರ್’ನಲ್ಲಿ ಗುಂಪು ಲೆಕ್ಕ

ಮದ್ದೂರು ತಾಲ್ಲೂಕಿನ ನಮ್ಮೂರ ಡೇರಿಯಲ್ಲಿ ದಿನಕ್ಕೆರಡು ಹೊತ್ತು ಹಾಲು ಅಳೆಯುತ್ತಾರೆ. ಸದಸ್ಯರ ಸಂಖ್ಯೆ, ಹೊತ್ತು, ಹಸುವೋ ಎಮ್ಮೆಯೋ, ಎಷ್ಟು ಲೀಟರ್, ಫ್ಯಾಟ್ (ಶೇಕಡಾ ಕೊಬ್ಬಿನಂಶ) ಎಷ್ಟು ಎಂದು ಒಬ್ಬೊಬ್ಬರಿಗೆ ಒಂದೊಂದು ಸಾಲು. ತಿಂಗಳಾಗುವಷ್ಟರಲ್ಲಿ ಸಾಲುಗಳು ಸಾವಿರ ದಾಟಿರುತ್ತವೆ. ಅವನ್ನು ಗುಂಪು ಮಾಡಿ ಲೆಕ್ಕ ತೆಗೆಯಲು ನಾನು ನೆಚ್ಚಿಕೊಂಡಿರುವುದು ‘ಆರ್’ ತಂತ್ರಾಂಶವನ್ನು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಹುಟ್ಟುಹಾಕಿದ ಇದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2000ದ ಫೆಬ್ರುವರಿ 29ರಂದು. ಕಾಸು ಕೊಡಬೇಕಿಲ್ಲ.

ಮೊದಲು ಲೆಕ್ಕದ ಹಾಳೆಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಕಡತವಾಗಿ ಉಳಿಸಿ, ‘ರೀಡ್ ಡಾಟ್ ಸಿಎಸ್‌ವಿ’ ಆಜ್ಞೆಯಿಂದ ಒಳಗೆ ತನ್ನಿ. ಇಲ್ಲಿ ಹೇಳುವ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಕೂಡಲೇ ಗುಂಪು ಮಾಡಲು ಹೊರಡಬೇಡಿ. ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ‘ಟೇಬಲ್’ ಆಜ್ಞೆಯನ್ನು ಹೊತ್ತಿನ ಕಾಲಂಗೆ ಕೊಟ್ಟು ನೋಡಿ. ಎರಡೇ ಹೊತ್ತು ಇರಬೇಕಾದಲ್ಲಿ ನನಗೆ ನಾಲ್ಕು ಕಂಡವು: ಬೆಳಿಗ್ಗೆ, ಬೆಳಗ್ಗೆ, ಸಂಜೆ, ಜೊತೆಗೆ ಇನ್ನೊಂದು ಸಂಜೆ. ಬರೆದವರು ಇಬ್ಬರು, ಕಾಗುಣಿತವೂ ಎರಡು. ಎರಡನೆಯ ‘ಸಂಜೆ’ಯ ಬಾಲದಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತ್ತು, ಕಣ್ಣಿಗೆ ಕಾಣುವಂಥದ್ದಲ್ಲ. ‘ಟ್ರಿಮ್‌ಡಬ್ಲ್ಯುಎಸ್’ ಆ ಬಾಲವನ್ನು ಕತ್ತರಿಸುತ್ತದೆ. ಕಾಗುಣಿತವನ್ನು ನೀವೇ ತಿದ್ದಬೇಕು.

ಈಗ ‘ಡಿಪ್ಲೈಯರ್’ (dplyr) ಪ್ಯಾಕೇಜ್, ಅಂದರೆ ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಆಜ್ಞೆಗಳ ಕಟ್ಟು, ತೆರೆಯಿರಿ. ‘ಗ್ರೂಪ್ ಬೈ’ಗೆ ಹೊತ್ತು ಎಂದು ಹೇಳಿದರೆ ಸಾಲುಗಳು ಗುಂಪಾಗುತ್ತವೆ, ‘ಸಮರೈಸ್’ ಪ್ರತಿ ಗುಂಪಿಗೂ ಒಂದೊಂದು ಸಾಲು ಕೊಡುತ್ತದೆ. (‘ಗ್ರೂಪ್ ಬೈ’ ನಡುವೆ ಅಂಡರ್‌ಸ್ಕೋರ್ ಇರಲಿ.) ಲೀಟರಿಗೆ ‘ಸಮ್’, ಎಣಿಕೆಗೆ ‘ಎನ್’. ಎಣಿಕೆ ಇಲ್ಲದ ಸರಾಸರಿಯನ್ನು ನಾನು ನಂಬುವುದಿಲ್ಲ. ಮೂರೇ ಸಾಲಿನ ಗುಂಪೂ ಮುನ್ನೂರು ಸಾಲಿನದರಷ್ಟೇ ಠೀವಿಯಿಂದ ನಿಂತಿರುತ್ತದೆ.

ಫ್ಯಾಟಿನ ವಿಷಯಕ್ಕೆ ಬಂದರೆ ಸರಾಸರಿ ತೆಗೆಯುವ ಬರಿಯ ‘ಮೀನ್’ ಆಜ್ಞೆ ಕೈಕೊಡುತ್ತದೆ. ಒಬ್ಬರು 3.5 ಫ್ಯಾಟಿನ ಹಸುವಿನ ಹಾಲು 10 ಲೀಟರ್ ತಂದರು, ಇನ್ನೊಬ್ಬರು 6.5 ಫ್ಯಾಟಿನ ಎಮ್ಮೆ ಹಾಲು 2 ಲೀಟರ್ ತಂದರು ಎನ್ನಿ. ‘ಮೀನ್’ ಹೇಳುವ ಸರಾಸರಿ 5. ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಅಳೆದರೆ ಸಿಗುವುದು 4: ಮೂವತ್ತೈದಕ್ಕೆ ಹದಿಮೂರು ಕೂಡಿಸಿ ಹನ್ನೆರಡರಿಂದ ಭಾಗಿಸಿ ನೋಡಿ. ಈ ಕ್ಯಾನಿನ ಲೆಕ್ಕಕ್ಕೆ ‘ವೆಯ್ಟೆಡ್ ಡಾಟ್ ಮೀನ್’ ಇದೆ. ಫ್ಯಾಟನ್ನು ಮೊದಲು, ಅದರ ತೂಕವಾಗಿ ಲೀಟರನ್ನು ನಂತರ ಕೊಡಿ. ಒಂದು ಎಚ್ಚರ: ಅದೇ ‘ಸಮರೈಸ್’ನಲ್ಲಿ ಇದಕ್ಕೂ ಮುಂಚೆ ಲೀಟರಿನ ಮೊತ್ತ ತೆಗೆದು ಅದಕ್ಕೂ ‘ಲೀಟರ್’ ಎಂದೇ ಹೆಸರಿಟ್ಟಿದ್ದರೆ, ಆರ್ ಆ ಮೊತ್ತವನ್ನೇ ತೂಕವೆಂದು ಹಿಡಿದು ಫ್ಯಾಟಿನ ಉದ್ದಕ್ಕೆ (ಸಾಲುಗಳ ಸಂಖ್ಯೆಗೆ) ಅದು ಹೊಂದುತ್ತಿಲ್ಲವೆಂದು ತಕರಾರು ತೆಗೆಯುತ್ತದೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಇದು ನನಗೆ ಹೊಳೆಯಿತು. ಮೊತ್ತಕ್ಕೆ ‘ಒಟ್ಟು’ ಎಂದು ಹೆಸರಿಡಿ, ಸಾಕು.

ಫ್ಯಾಟ್ ಯಂತ್ರ ಕೆಟ್ಟ ದಿನ ಹಾಳೆಯಲ್ಲಿ ಫ್ಯಾಟಿನ ಮನೆಗಳನ್ನು ಖಾಲಿ ಬಿಡಿ, ಸೊನ್ನೆ ತುಂಬಬೇಡಿ. ಆರ್ ಅವನ್ನು ‘ಎನ್‌ಎ’ ಎನ್ನುತ್ತದೆ. ಒಂದೇ ಒಂದು ಎನ್‌ಎ ಇದ್ದರೂ ಆ ಗುಂಪಿನ ಸರಾಸರಿ ಎನ್‌ಎ ಆಗುತ್ತದೆ. ಸರಾಸರಿಯ ಆಜ್ಞೆಯೊಳಗೆ ‘ಎನ್‌ಎ ಡಾಟ್ ಆರ್‌ಎಂ’ ಅನ್ನು ‘ಟ್ರೂ’ ಮಾಡಿದರೆ ಅವು ಬದಿಗೆ ಸರಿಯುತ್ತವೆ.

ಹೊತ್ತು, ಹಾಲಿನ ಬಗೆ (ಹಸುವೋ ಎಮ್ಮೆಯೋ) ಎರಡನ್ನೂ ‘ಗ್ರೂಪ್ ಬೈ’ಗೆ ಕೊಟ್ಟರೆ ನಾಲ್ಕು ಸಾಲಿನ ಪಟ್ಟಿ ಸಿದ್ಧ. ಅದು ಇನ್ನೂ ಹೊತ್ತಿನ ಗುಂಪಿನಲ್ಲೇ ಇರುತ್ತದೆ, ‘ಅನ್‌ಗ್ರೂಪ್’ ಮಾಡಿ ಬಿಡಿಸಿಕೊಳ್ಳಿ. ಆ ಪಟ್ಟಿಯನ್ನು ಸಿಎಸ್‌ವಿಯಾಗಿ ಉಳಿಸಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರಗಳು ಗಜಿಬಿಜಿಯಾಗಿ ಕಂಡರೆ, ‘ರೀಡರ್’ (readr) ಪ್ಯಾಕೇಜಿನ ‘ರೈಟ್ ಎಕ್ಸೆಲ್ ಸಿಎಸ್‌ವಿ’ಯಿಂದ ಇನ್ನೊಮ್ಮೆ ಉಳಿಸಿ. ಇದರಲ್ಲೂ ಪದಗಳ ನಡುವೆ ಅಂಡರ್‌ಸ್ಕೋರ್ ಬೇಕು.